ನನ್ನ ಹೊಟ್ಟೆಯ ಆನ್‌ಲೈನ್ ಪರೀಕ್ಷೆ

ನಮ್ಮ ಕಡೆ ದವಾಖಾನೆಯಲ್ಲಿ ರೋಗಿ ಬಾಯಿ ತೆರೆಯುವುದು ನಾಲಿಗೆ ತೋರಿಸುವುದಕ್ಕೆ ಮಾತ್ರ. ವೈದ್ಯರ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ಜೊತೆಗೆ ಬಂದವರದು. ಶಹಾಪುರದಲ್ಲಿ ಮುಖ್ಯೋಪಾಧ್ಯಾಯನಾಗಿ ಇಡೀ ಶಾಲೆಯ ಬಾಯಿ ಮುಚ್ಚಿಸಿದ ನನಗೆ ಈ ಅವಮಾನ ತಟ್ಟಲಾರದೆಂದು ನಂಬಿದ್ದೆ. ಕೊರೋನಾ ಆ ನಂಬಿಕೆಯನ್ನೂ ಉಳಿಸಲಿಲ್ಲ.

ಮೊಮ್ಮಗಳು ಸುಮಾ ಓದುತ್ತಿದ್ದ ವೈದ್ಯಕೀಯ ಕಾಲೇಜು ಬಾಗಿಲು ಹಾಕಿ, ವಾರ್ಡಿನ ಪಾಠವನ್ನೆಲ್ಲ ಮೊಬೈಲಿನೊಳಗೆ ತುಂಬಿತ್ತು. ವಿಡಿಯೋ ಕರೆಯಲ್ಲೇ ರೋಗಿಯನ್ನು ವಿಚಾರಿಸಿ ರೋಗ ಗುರುತಿಸಬೇಕು. ತಪ್ಪಿದರೆ ಮುಂದಿನ ವರ್ಷದ ತರಗತಿ ಇಲ್ಲ. ರೋಗಿಯಾಗಿ ನಾನು ಸಿಕ್ಕೆ. ನಿಯಮದಂತೆ ಅವಳು ಮಾಳಿಗೆಯ ಮೇಲೆ, ನಾನು ಕೆಳಗೆ ಪಡಸಾಲೆಯಲ್ಲಿ. ಅಂಕ ಕೊಡಲು ಅದೇ ಕರೆಯಲ್ಲಿ ಕುಳಿತ ಪ್ರೊಫೆಸರರು ನನಗೆ ನಮಸ್ಕಾರ ಹೇಳಲಿಲ್ಲ. ಅದನ್ನು ನಾನು ಇನ್ನೂ ಮರೆತಿಲ್ಲ.

"ಮುತ್ಯಾ, ಹೊಟ್ಟಿ ಯಾವಾಗ ಉರೀತದ?"

"ಸಾಮಾನ್ಯವಾಗಿ ಭೋಜನಾನಂತರ..." ಎಂದು ಆರಂಭಿಸಿದೆ. ವಾಕ್ಯಕ್ಕೆ ಕ್ರಿಯಾಪದ ಒದಗುವ ಮೊದಲೇ ಅಡುಗೆಮನೆಯಿಂದ ನನ್ನ ಹೆಂಡತಿ, "ಭೋಜನ ಏನ್ ಬಂತು! ಮಿರ್ಚಿ ಭಜಿ ತಿಂದ ಮ್ಯಾಲೆ ಅನ್ರಿ!" ಎಂದಳು.

"ಖಾರ ಎಂದೋ ಬಿಟ್ಟೀನಿ," ಎಂದೆ ಘನತೆಯಿಂದ.

"ಹೌದ್ರಿ, ಮನ್ಯಾಗ ಬಿಟ್ಟೀರಿ. ಗ್ವಾಡಿ ಮ್ಯಾಲಿಂದ ಚನ್ನಪ್ಪಣ್ಣ ಕೊಡಂಗಿಲ್ಲೇನು?"

"ನಿನ್ನಿ ನಾಕೇ ಕೊಟ್ಟೀನ್ರೀ ಅಕ್ಕಾರ!" ಎಂದು ಪಕ್ಕದ ಮನೆಯ ಚನ್ನಪ್ಪ, ಯಾರೂ ಕರೆಯದಿದ್ದರೂ, ಗೋಡೆಯಾಚೆಯಿಂದ ಸಾಕ್ಷಿ ನುಡಿದ. ಮಹಾಮಾರಿಯ ಕಾಲದಲ್ಲಿ ಜನ ಅಂತರ ಕಾಯ್ದುಕೊಂಡರಂತೆ!

ಸುಮಾ ಚುರುಕಾದಳು, ಪ್ರಶ್ನೆ ಅಜ್ಜಿಯತ್ತ ತಿರುಗಿತು. "ಆಯಿ, ಮತ್ತೇನರ ನುಂಗ್ತಾನೇನು?"

"ಮೊಣಕಾಲ ನೋವಿನ ಗುಳಿಗಿ. ಖಾಲಿ ಹೊಟ್ಟ್ಯಾಗ, ನನ್ನ ಕಣ್ಣ ತಪ್ಪಿಸಿ."

ಕಣ್ಣು ತಪ್ಪಿಸಿದ್ದು ಅವಳಿಗೆ ಹೇಗೆ ಕಂಡಿತೆಂದು ನಾನು ಕೇಳಬೇಕೆನ್ನುವಷ್ಟರಲ್ಲಿ, ನನ್ನ ಹೊಟ್ಟೆಯನ್ನು ನಾನೇ ಒತ್ತಿ ತೋರಿಸಬೇಕೆಂಬ ಅಪ್ಪಣೆ ಬಂತು. ಮೃದುವಾಗಿ ಒತ್ತಿಕೊಂಡೆ.

"ಹಂಗ ಒತ್ತಿದ್ರ ಏನ್ ಗೊತ್ತಾಗ್ತದ, ಅತ್ಲಾಗ ಸರೀರಿ!" ಎಂದು ಅಡುಗೆಮನೆಯಿಂದ ಬಂದ ಹೆಂಡತಿ, ಆಯುಷ್ಯವೆಲ್ಲ ಜೋಳದ ರೊಟ್ಟಿ ಬಡಿದ ಕೈಯನ್ನು ನನ್ನ ಎದೆಗೂಡಿನ ಕೆಳಗೆ ಊರಿದಳು. ನಾನು ಚೀರಿದ್ದು ಸುರಪುರದವರೆಗೆ ಕೇಳಿಸಿರಬೇಕು.

"ನೋವಿನ ಗುಳಿಗೆಯಿಂದ ಹೊಟ್ಟೆ ಹುಣ್ಣಾಗಿರಬೇಕು, ಸರ್," ಎಂದಳು ಸುಮಾ.

"ಸರಿಯಾಗಿ ಹೇಳಿದೆ," ಎಂದರು ಪ್ರೊಫೆಸರರು. "ರೋಗಿಯ ಮಾತು ನಂಬಿಕೆಗೆ ಯೋಗ್ಯವಲ್ಲ. ಮನೆಯವರನ್ನು ಕೇಳಿದ್ದರಿಂದ ನೀನು ಪಾಸಾದೆ."

ನನ್ನ ಹೊಟ್ಟೆಯ ಮೇಲೆ ಮೊಮ್ಮಗಳು ಡಾಕ್ಟರಾದಳು. ನನ್ನ ಪಾಲಿಗೆ ಪ್ರೊಫೆಸರರ ಆ ಮಾತು ಉಳಿಯಿತು.

ಹೋದ ವಾರ ಹೆಂಡತಿಗೆ ತಲೆನೋವು. ಸುಮಾ ವಿಡಿಯೋದಲ್ಲಿ ಬಂದು, "ಆಯಿ, ಎಲ್ಲಿ ನೋಯ್ತದ?" ಎಂದು ಕೇಳಿದಳು.

"ಹಣಿ ಎಡಕ್ಕ," ಎಂದೆ ನಾನು. "ಬಿಸಿಲಾಗ ನಿಂತಿದ್ದಳು. ಕಣ್ಣಿಗೆ ಚಾಳೀಸು ಹಾಕ್ಕೊಳಂಗಿಲ್ಲ. ನೀರು ಕುಡಿಯಂಗಿಲ್ಲ."

ಹೆಂಡತಿಗೂ ಬಾಯಿ ತೆರೆಯಲು ಅವಕಾಶ ಕೊಟ್ಟೆ. ನಾಲಿಗೆ ತೋರಿಸುವುದಕ್ಕೆ.