ಊಟಕ್ಕೆ ಮೊದಲು ಬಾನೆಟ್ ತೆಗೆಸಬೇಕು

ಎದುರಿಗಿರುವವರಿಗೆ ‘ಇಲ್ಲ’ ಎನ್ನಲು ನನಗೆ ಬರುವುದಿಲ್ಲ. ಇದನ್ನು ಕೆಲವರು ವಿನಯ ಎಂದು ತಿಳಿದಿದ್ದಾರೆ. ನನ್ನ ಹೆಂಡತಿ ಸುವರ್ಣಾ ಇದಕ್ಕೆ ಇಟ್ಟಿರುವ ಹೆಸರೇ ಬೇರೆ, ಅದನ್ನಿಲ್ಲಿ ಬರೆಯುವುದು ಬೇಡ. ಕಲಬುರಗಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವಾಗ ಈಗಲೂ ಕೈ ಹಿಂದೇಟು ಹಾಕುತ್ತದೆ, ಪಾಪ ಇಷ್ಟು ದೂರ ಲೆಕ್ಕ ಮಾಡಿಕೊಂಡು ಬಂದಿದ್ದಾನಲ್ಲ ಎಂದು. ನಮ್ಮ ಮನೆಯಲ್ಲಿ ಎರಡು ಕೂಲರ್‌ಗಳಿವೆ. ಎರಡೂ ಪರಿಚಯದವರು ಕೊಟ್ಟದ್ದು, ಎರಡೂ ತಂಪು ಮಾಡುವುದಿಲ್ಲ. ಇಂಥವನು ಹಳೆಯ ಕಾರು ಕೊಳ್ಳಲು ಹೊರಟದ್ದೇ ಒಂದು ಸಾಹಸ. ಅದರಲ್ಲೂ ನಾನು ಮನಸ್ಸು ಕೊಟ್ಟದ್ದು ಸಂಸಾರಸ್ಥರ ಕಾರಿಗಲ್ಲ, ಸ್ಪೋರ್ಟ್ಸ್ ಕಾರಿಗೆ.

ಕುಸನೂರ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಒಮ್ಮೆ ಅಂಥದೊಂದು ಕಾರು ನನ್ನನ್ನು ದಾಟಿ ಹೋಯಿತು. ಗಿಡ್ಡ ಮೈ, ಅಗಲ ಟೈರು, ನೆಲಕ್ಕೆ ಎದೆ ತಾಗಿಸಿಕೊಂಡಂಥ ನಿಲುವು. ಅದರ ಸದ್ದು ಕಿವಿಗಿಂತ ಮೊದಲು ಹೊಟ್ಟೆಯಲ್ಲಿ ಕೇಳಿಸಿತು. ನಾನು ಸ್ಕೂಟರ್ ಬದಿಗೆ ನಿಲ್ಲಿಸಿ ಅದು ಕಣ್ಮರೆಯಾಗುವವರೆಗೂ ನೋಡಿದೆ. ಐವತ್ತರ ಹೊಸ್ತಿಲಲ್ಲಿರುವ ಗಣಿತದ ಮಾಸ್ತರನಿಗೆ ಇದು ಶೋಭೆಯಲ್ಲ ಎಂದು ಗೊತ್ತು. ಆದರೂ ಆಸೆಯಾಯಿತು, ಏನು ಮಾಡಲಿ? ಹೊಸದು ನಮ್ಮ ಕೈಗೆ ಎಟುಕುವಂಥದಲ್ಲ. ಹಳೆಯದಕ್ಕಾಗಿ ವಿಚಾರಿಸುತ್ತ ಹೋದಾಗ ಕಮಲಾಪುರದಲ್ಲಿ ಒಂದಿದೆಯೆಂದು ಸುದ್ದಿ ಬಂತು.

ಸುವರ್ಣಾ ಒಂದೇ ಷರತ್ತು ಹಾಕಿದಳು. “ಉಸ್ತಾದ್ ಹ್ಞೂಂ ಅಂದ್ರ ತರ್ರಿ. ಇಲ್ಲಾಂದ್ರ ಮಾಲಕರ ಮುಖಕ್ಕ ಇಲ್ಲ ಅಂತ ಹೇಳಿ ಬರ್ರಿ. ನಾ ಕೂಡೂ ಗಾಡಿ ಅದು. ಒಂದ್ ಸಲನಾದ್ರೂ ಬಾಯಿ ಬಿಡ್ರಿ.”

ಉಸ್ತಾದ್ ಎಂದರೆ ಕಪನೂರದಲ್ಲಿ ಗ್ಯಾರೇಜ್ ಇಟ್ಟಿರುವ ಖಾಜಾ ಉಸ್ತಾದ್. ನನ್ನ ಸ್ಕೂಟರನ್ನು ಇಷ್ಟು ವರ್ಷ ಬದುಕಿಸಿಟ್ಟ ಪುಣ್ಯಾತ್ಮ. ರಸ್ತೆಯಲ್ಲಿ ಹೋಗುವ ಗಾಡಿಯನ್ನು ತಲೆ ಎತ್ತದೆ ಬರೀ ಸದ್ದಿನಿಂದ ಹೇಳಿಬಿಡುತ್ತಾರೆ, ಇದರ ಬೆಲ್ಟ್ ಸಡಿಲಾಗಿದೆ, ಇದರ ಮಾಲಕ ಕ್ಲಚ್ಚಿನ ಮೇಲೆ ಕಾಲಿಟ್ಟು ಮರೆತಿದ್ದಾನೆ ಎಂದು. ಗ್ಯಾರೇಜಿನಲ್ಲಿ ಕೆಲಸವಿದ್ದುದರಿಂದ ಅವರು ತಮ್ಮ ಮೋಟಾರ್‌ಸೈಕಲ್ ಮೇಲೆ ಆಮೇಲೆ ಬರುವುದು, ನಾನು ಬಸ್ಸಿನಲ್ಲಿ ಮುಂದೆ ಹೋಗುವುದು ಎಂದಾಯಿತು. ಹೊರಡುವ ಮುಂಚೆ ಫೋನಿನಲ್ಲಿ ಹೇಳಿದರು, “ಸಾಬ್, ನಾ ಬರೂತನ ಅಲ್ಲಿ ಏನೂ ತಿನ್ನಬ್ಯಾಡ್ರಿ.” ಜೋರಾಗಿ ಓಡುವ ಕಾರು, ತಿಂದರೆ ಹೊಟ್ಟೆ ತೊಳಸಬಹುದು ಎಂಬ ಕಾಳಜಿ ಇರಬೇಕು ಅಂದುಕೊಂಡೆ.

ಕಾರಿನ ಮಾಲಕ ಗುರುಶಾಂತಪ್ಪನವರು ಬಾಳೆ ಬೆಳೆಯುವ ರೈತರು. ವಯಸ್ಸು ಅರವತ್ತರ ಮೇಲೆ. ಕಚ್ಚೆ ಧೋತರ, ತಲೆಗೆ ರುಮಾಲು, ಕಾಲಲ್ಲಿ ಕಿರುಗುಟ್ಟುವ ಚಪ್ಪಲಿ. ಕಾರು ಮಗನದಿರಬೇಕು ಎಂದುಕೊಂಡಿದ್ದೆ. “ನಂದೇ ರೀ. ತ್ವಾಟಕ್ಕ ಇದರಾಗೇ ಹೋಗ್ತಿದ್ದೆ. ಈಗ ನಡಾ ಬ್ಯಾನಿ, ಕುಂತ್ರ ಏಳಲಕ ಆಗವಲ್ದು,” ಎಂದರು. ಅಂಗಳದ ಬೇವಿನ ಕೆಳಗೆ ಅದು ನಿಂತಿತ್ತು, ಅವರ ಊರಿನ ಹೆಸರಾಂತ ಕೆಂಪು ಬಾಳೆಹಣ್ಣಿನದೇ ಬಣ್ಣ. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಅಷ್ಟರಲ್ಲಿ ಅವರು ಕೈಗೆ ನೀರು ಕೊಟ್ಟು, “ಮೊದಲ ಊಟ, ಆಮ್ಯಾಲ ಗಾಡಿ,” ಎಂದರು. ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು, ಕೊನೆಗೆ ತುಪ್ಪ ಸುರಿದ ಬೆಲ್ಲದ ಮಾಲ್ದಿ. ಅವರ ಮನೆಯವರು ಬಾಗಿಲಲ್ಲಿ ನಿಂತು “ಇನ್ನೊಂದೀಟ ಹಾಕ್ಕೋರಿ ಮಾಸ್ತರ” ಎನ್ನುತ್ತಲೇ ಇದ್ದರು. ನಾನು ಹಾಕಿಸಿಕೊಳ್ಳುತ್ತಲೇ ಇದ್ದೆ.

ಉಸ್ತಾದ್ ಬಂದಾಗ ನಾನು ಕಟ್ಟೆಯ ಮೇಲೆ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದೆ. ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಹಣ್ಣು ನೋಡಿದರು, “ಉಂಡ್ರಿ?” ಎಂದರು. ಹೌದೆಂದೆ. “ಹೋತು ಬಿಡ್ರಿ,” ಎಂದು ತಮಗೆ ತಂದ ಚಹಾವನ್ನು ವಿನಯದಿಂದಲೇ ಪಕ್ಕಕ್ಕಿಟ್ಟರು. ನನಗೆ ವಿಷಯ ಹೊಳೆದದ್ದು ಆಗಲೇ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಂಡು, ಅದೇ ಅಂಗಳದಲ್ಲಿ ನಿಂತು, ‘ನಿಮ್ಮ ಗಾಡಿ ಎಲ್ಲಾದರೂ ಹೊಡೆದಿದೆಯೇ’ ಎಂದು ಕೇಳಲು ಯಾರಿಗೆ ಬಾಯಿ ಬಂದೀತು? ಹಳೆಯ ಕಾರು ಕೊಳ್ಳುವವರಿಗೆ ಬುದ್ಧಿ ಹೇಳುವವರು ಟೈರು ನೋಡಿ, ಕಿಲೋಮೀಟರ್ ನೋಡಿ, ಇನ್ಶೂರೆನ್ಸ್ ನೋಡಿ ಎನ್ನುತ್ತಾರೆ. ಮಾಲ್ದಿಯ ವಿಚಾರ ಯಾರೂ ಹೇಳಿರಲಿಲ್ಲ.

ಮುಂದಿನ ಎರಡು ಗಂಟೆ ನಾನು ನೋಡಿದ್ದನ್ನು ಮರೆಯುವ ಹಾಗಿಲ್ಲ. ಉಸ್ತಾದ್ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. “ಬೆಚ್ಚಗದ. ಆರಲಿ. ಬಿಸಿ ಎಂಜಿನ್ ಬ್ಯಾನಿ ಹೇಳಂಗಿಲ್ಲ,” ಎಂದು ಸುಮ್ಮನೆ ಕುಳಿತುಬಿಟ್ಟರು. ಆರಿದ ಮೇಲೆ ಚಾಲೂ ಮಾಡಿ ಕಣ್ಣು ಮುಚ್ಚಿ ಕೇಳಿದರು. ಆಯಿಲ್ ಮುಚ್ಚಳ ತೆಗೆದು ಮೂಸಿದರು. ಪೆಡಲಿನ ರಬ್ಬರನ್ನು ಬೆರಳಿನಿಂದ ಸವರಿ, “ಇಂಥ ಗಾಡಿ ಹಳೇದು ತೊಗೊಳ್ಳೂ ಮುಂದ ಗಾಡಿ ಆಮ್ಯಾಲ ನೋಡಬೇಕು ಸಾಬ್, ಮೊದಲ ಓಡಿಸಿದವರ ಕಾಲು ನೋಡಬೇಕು. ಈ ಕಾಲು ಭಾಳ ಗರಂ ಅದ,” ಎಂದರು. ನಾನು ಗುರುಶಾಂತಪ್ಪನವರ ಚಪ್ಪಲಿ ಕಾಲನ್ನು ಹೊಸ ಗೌರವದಿಂದ ನೋಡಿದೆ. ನಾನು ಕಾಗದಪತ್ರ ಮುಂದೆ ಹಿಡಿದಾಗ ಕಣ್ಣಾಡಿಸಿ, “ಕಾಗದ ಸರಿ ಅವ. ಕಾಗದ ಗುಂಡಿಗಿ ಬೀಳಂಗಿಲ್ಲ,” ಎಂದು ಗೋಣಿಚೀಲ ಹಾಸಿ ಕಾರಿನ ಕೆಳಗೆ ಹೋದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹುಮನಾಬಾದ್ ರಸ್ತೆಗೆ ಬಂದು ವೇಗ ಹಿಡಿದರು. ದೇವರೇ, ಏನು ಓಟ ಅದು. ಬೆನ್ನು ಸೀಟಿಗೆ ಅಂಟಿತು, ಐವತ್ತು ವರ್ಷ ಹಿಂದಕ್ಕೆ ಬಿದ್ದವು. ರಸ್ತೆ ಖಾಲಿ ಇದ್ದ ಕಡೆ ಅವರು ಸ್ಟಿಯರಿಂಗ್ ಮೇಲಿನ ಕೈ ಒಂದು ಗಳಿಗೆ ಬಿಟ್ಟರು. ಕಾರು ಮೆಲ್ಲಗೆ ಎಡಕ್ಕೆ ವಾಲಿತು.

ಮರಳಿ ಬಂದು ಅಂಗಳದ ಹೊರಗೇ ನಿಲ್ಲಿಸಿದರು. “ಮುಂದ ಜೋರು ಪೆಟ್ಟು ಬಿದ್ದದ. ಬೆಸುಗಿ ಹಾಕಿ ಬಣ್ಣ ಹೊಡದಾರ, ಕೆಲಸ ನಾಜೂಕ ಅದ. ಆದ್ರ ಒಳಗಿನ ಚೌಕಟ್ಟೇ ಸೊಟ್ಟ ಆಗ್ಯದ. ಇನ್ನೊಂದು ಪೆಟ್ಟು ಎಡಗಡಿ ತಡಿಯಂಗಿಲ್ಲ.” ನಾನು ಕುಳಿತಿದ್ದ ಸೀಟು ತಟ್ಟಿ ಕೇಳಿದರು, “ಎಡಕ್ಕ ಯಾರು ಕೂಡ್ತಾರ ಸಾಬ್?”

“ನಮ್ಮ ಮನೆಯವರು,” ಎಂದೆ. ಈಗ ಹೇಳಲೇಬೇಕು. ಇಳಿದು ಅಂಗಳಕ್ಕೆ ಹೋದೆ. ಗುರುಶಾಂತಪ್ಪನವರು ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರ ಎದುರು ನಿಂತೆ, ಗಂಟಲು ಸರಿಮಾಡಿಕೊಂಡೆ. ನನ್ನ ಬಾಯಿಂದ ಹೊರಟ ಮಾತು ಇದು: “ಗಾಡಿ ಭಾಳ ಚಂದ ಅದ ರೀ.”

ಉಸ್ತಾದ್ ನನ್ನ ಹಿಂದೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಗುರುಶಾಂತಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಮಾಸ್ತರ, ಹೋದ ಬ್ಯಾಸಿಗ್ಯಾಗ ಎಮ್ಮಿ ತಪ್ಪಿಸಲಕ ಹೋಗಿ ಹಳ್ಳದ ಪೂಲಿನ ಕಟ್ಟಿಗಿ ಹೊಡದೀನಿ. ಹೇಳಬೇಕಂತೇ ಇದ್ದೆ. ಉಣ್ಣೂ ಮಂದಿಗಿ ಇಂಥ ಸುದ್ದಿ ಹ್ಯಾಂಗ ಹೇಳೂದು? ಉಂಡ ಮ್ಯಾಲ ನೀವೇ ಕೇಳ್ತೀರಿ ಅಂದ್ಕೊಂಡೆ. ನೀವು ಇನ್ನೊಂದು ಹಣ್ಣು ತೊಗೊಂಡ್ರಿ.” ಆಮೇಲೆ ಕಾರಿನ ಕಡೆ ನೋಡಿ, “ಇದು ನಿಮ್ಮ ಮನ್ಯಾಗಿನ ತಂಗಿಗಿ ಕೂಡಿಸಿಕೊಂಡು ಅಡ್ಡಾಡೂ ಗಾಡಿ ಅಲ್ಲ. ನಿಮಗ ನಾ ಕೊಡಂಗಿಲ್ಲ,” ಎಂದರು.

ಎಷ್ಟು ಸಲೀಸಾಗಿ ‘ಇಲ್ಲ’ ಅಂದುಬಿಟ್ಟರು. ಉಣಿಸಿದವರು, ಮಾರಲು ಕುಳಿತವರು, ಮುಖ ನೋಡಿಕೊಂಡೇ ಅಂದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವರ ಕಾಲು ಮುಟ್ಟಬೇಕು ಅನ್ನಿಸಿತು. ಉಸ್ತಾದ್ ಆಗ ಪಕ್ಕಕ್ಕಿಟ್ಟಿದ್ದ ಚಹಾ ಎತ್ತಿಕೊಂಡು, ಆರಿ ತಣ್ಣಗಾದದ್ದನ್ನು ಒಂದೇ ಗುಟುಕಿಗೆ ಕುಡಿದರು.

ಮನೆಗೆ ಬಂದಾಗ ಸುವರ್ಣಾ ಬಾಗಿಲಲ್ಲೇ ಕೇಳಿದಳು. “ಗಾಡಿ ಎಡಕ್ಕ ಎಳೀತದ. ಬ್ಯಾಡ ಅಂದೆ,” ಎಂದೆ. “ಯಾರು, ನೀವಾ? ಅವರ ಮುಖಕ್ಕ?” “ಮುಖಕ್ಕೇ.” ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಕುಸನೂರ ರಸ್ತೆಯಲ್ಲಿ ಆ ಕಾರನ್ನು ನೋಡಿದ ಹಾಗೆಯೇ ನೋಡಿದಳು. ಅಂಥ ನೋಟದ ಎದುರು ಯಾವ ಗಂಡಸಿಗೆ ನಿಜ ಹೇಳಲು ಮನಸ್ಸು ಬಂದೀತು?

ಆದರೆ ಅಂದಿನಿಂದ ಮನೆಯಲ್ಲಿ ‘ಇಲ್ಲ’ ಹೇಳುವ ಖಾತೆಯನ್ನು ನನಗೇ ವಹಿಸಲಾಗಿದೆ. ಹೋದ ಭಾನುವಾರ ಅವಳ ಅಣ್ಣನ ಮನೆಗೆ ಕಳಿಸಿದಳು. ಅವರು ನಮಗೆ ದಾಟಿಸಲು ನೋಡುತ್ತಿರುವ ಹಳೆಯ ಸೋಫಾ ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿ ಬರಬೇಕಿತ್ತು. ಹೋದೆ. ಸೋಫಾದ ಒಂದು ಕಾಲು ಗಿಡ್ಡ, ನಡುವೆ ಸ್ಪ್ರಿಂಗ್ ಚುಚ್ಚುತ್ತದೆ. ಇದೆಲ್ಲ ಅದರ ಮೇಲೆ ಕುಳಿತು ಬರೆಯುತ್ತಿರುವುದರಿಂದ ಖಚಿತವಾಗಿ ಹೇಳಬಲ್ಲೆ. ಅವರ ಮನೆಯಲ್ಲಿ ಅಂದು ತಿಂದ ಚುರುಮುರಿ ಸುಸಲಾ ಬಹಳ ಚೆನ್ನಾಗಿತ್ತು.