ಮೇಜಿನ ಮೇಲಿನ ಪ್ಲಾಸ್ಟಿಕ್ ಜಠರದವರಿಗೆ ಒಬ್ಬ ಹೊಲಿಗೆಯವಳ ದೂರು

ಇವರಿಗೆ,
ಶ್ರೀಯುತ ಪ್ಲಾಸ್ಟಿಕ್ ಜಠರ ಅವರು,
ಶಸ್ತ್ರವೈದ್ಯರ ಮೇಜು, ಪೆನ್ನಿನ ಡಬ್ಬಿಯ ಪಕ್ಕ,
ಬೊಜ್ಜು ಚಿಕಿತ್ಸಾ ವಿಭಾಗ.

ಮಾನ್ಯರೇ,

ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ನಿಲ್ಲಿಸಿರುವ ಆ ಕಪ್ಪು ಸ್ಟ್ಯಾಂಡಿಗೆ, ನನ್ನ ಸೊಂಟ ಅನುಮತಿ ಕೊಟ್ಟಷ್ಟು ಬಗ್ಗಿ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ಇದ್ದುದರಲ್ಲಿ ಕ್ಷೇಮ, ತಾವಂತೂ ಸದಾ ಕ್ಷೇಮ. ತಮಗೆ ಹಸಿವಿಲ್ಲ, ಹುಳಿತೇಗಿಲ್ಲ, ಎದುರಿಗೆ ಬಿಸ್ಕತ್ತಿನ ತಟ್ಟೆ ಇಟ್ಟರೂ ಕಣ್ಣೆತ್ತಿ ನೋಡುವ ಚಪಲವಿಲ್ಲ, ಆಗಾಗ ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಷ್ಟಕ್ಕೇ ತೃಪ್ತರು. ಇಂಥ ಸಂಯಮಿಗಳ ಮೇಲೆ ದೂರು ಬರೆಯುವ ಧೈರ್ಯ ಇವಳಿಗೆ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಹೊಟ್ಟೆಯ ಸಂಕಟವನ್ನು ಹೊಟ್ಟೆಯವರ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ನಾನು ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಗೆ ಅಂಟಿಕೊಂಡಂತೆ ಹೊಲಿಗೆ ಅಂಗಡಿ ಇಟ್ಟವಳು. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ಆಫೀಸಿನವರ ಪ್ಯಾಂಟು, ಎಲ್ಲಕ್ಕಿಂತ ಹೆಚ್ಚಾಗಿ ಆಲ್ಟ್ರೇಷನ್, ಇವೇ ನನ್ನ ಜೀವನ. ಕಳೆದ ತಿಂಗಳು, ಕೈಯಿರುವ ಕುರ್ಚಿ ನನಗೆ ಒಗ್ಗದೆ ಹೊರಗಿನಿಂದ ಬೆಂಚು ತರಿಸಿಕೊಂಡು, ಮನೆಯವರನ್ನೂ ಮಗಳನ್ನೂ ಅದರ ಎರಡು ತುದಿಗೆ ನೂಕಿ ನಡುವೆ ಕುಳಿತು ತಮ್ಮ ದರ್ಶನ ಪಡೆದವಳು ನಾನೇ. ನೆನಪಿರಬಹುದು; ನನ್ನನ್ನು ಒಮ್ಮೆ ಕಂಡವರು ಮರೆಯುವುದು ಕಡಿಮೆ.

ಅಂದು ತಾವು ತೋರಿದ ಪರಾಕ್ರಮವನ್ನು ಎಷ್ಟು ಹೊಗಳಿದರೂ ಸಾಲದು. ವೈದ್ಯರು ಮೊದಲು ತಮ್ಮ ಕುತ್ತಿಗೆಗೆ ಒಂದು ಉಂಗುರ ತೊಡಿಸಿ, ಇದು ಬ್ಯಾಂಡು, ಬೇಕಾದರೆ ಬಿಗಿ ಮಾಡಬಹುದು, ಸಡಿಲ ಮಾಡಬಹುದು, ತೆಗೆಯಲೂಬಹುದು ಎಂದರು. ಆಮೇಲೆ ತಮ್ಮ ಉಬ್ಬಿದ ಪಕ್ಕವನ್ನು ಮುಕ್ಕಾಲು ಪಾಲು ಕಿತ್ತು ಬದಿಗಿಟ್ಟು, ಉಳಿದ ಸಣ್ಣ ಕೊಳವೆಯನ್ನು ತೋರಿಸಿ, ಇದು ಸ್ಲೀವು ಎಂದರು. ಮೂರನೆಯದಾಗಿ ತಮ್ಮ ನೆತ್ತಿಯಲ್ಲಿ ಮೊಟ್ಟೆಯಷ್ಟು ಚೀಲ ಮಾತ್ರ ಉಳಿಸಿ, ಕರುಳನ್ನು ಕೆಳಗಿನಿಂದ ಎಳೆದು ತಂದು ಅದಕ್ಕೇ ಜೋಡಿಸಿ, ಇದು ಬೈಪಾಸು ಎಂದರು. ಪ್ರತಿ ಸಲವೂ ತಾವು ಒಳಗಿನ ಅಯಸ್ಕಾಂತದ ಬಲದಿಂದ ಟಕ್ ಎಂದು ಮತ್ತೆ ಒಂದಾಗಿ, ಏನೂ ಆಗದವರಂತೆ ನಿಂತುಬಿಟ್ಟಿರಿ.

ಮಾನ್ಯರೇ, ನನ್ನ ಮೊದಲ ತಕರಾರು ಆ ಟಕ್ಕಿನ ಮೇಲೆ. ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಗೊತ್ತಿರುವ ಒಂದೇ ಸತ್ಯವೆಂದರೆ ಕತ್ತರಿಸಿದ ಬಟ್ಟೆ ಟಕ್ ಎಂದು ಕೂಡಿಕೊಳ್ಳುವುದಿಲ್ಲ. ಆದ್ದರಿಂದಲೇ "ಡಾಕ್ಟ್ರೇ, ಆ ತೆಗೆದ ತುಂಡು ಎಲ್ಲಿಡ್ತೀರಿ? ಮುಂದೆ ಬೇಕು ಅಂದ್ರೆ ಸಿಗುತ್ತಾ?" ಎಂದು ಕೇಳಿದೆ. ವೈದ್ಯರು "ಇಲ್ಲಮ್ಮ, ಅದು ಹೋದ್ರೆ ಹೋದ ಹಾಗೇ" ಎಂದು ಹೊಟ್ಟೆ ಕುಣಿಸಿ ನಕ್ಕರು. ನಕ್ಕ ರಭಸಕ್ಕೆ ಅವರ ಬಿಳಿ ಕೋಟಿನ ನಡುಗುಂಡಿ ಹಾರಿ ತಮ್ಮ ಸ್ಟ್ಯಾಂಡಿನ ಬುಡದಲ್ಲೇ ಬಿತ್ತು. ವೃತ್ತಿಯ ಚಾಳಿ ನೋಡಿ, ನಾನು ಗುಂಡಿಯನ್ನೂ ಕೋಟನ್ನೂ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡೇ ಹೊರಬಂದೆ.

ಮನೆಗೆ ಬಂದ ಮೇಲೆ ನಡೆದದ್ದು ತಮ್ಮ ಗಮನಕ್ಕೆ ಬಂದಿರಲಾರದು. ನಮ್ಮ ಮನೆಯವರು ನಲ್ಲಿ ರಿಪೇರಿಯವರು. ಅವರಿಗೆ ಲೋಕವೆಲ್ಲ ಪೈಪು. ತಮ್ಮ ಮುಂದೆಯೇ "ಜಾಯಿಂಟ್ ಸೋರಲ್ಲ ತಾನೆ?" ಎಂದು ಕೇಳಿ, ನಾವೂ ಮೊದಲು ನೋಡೋದು ಅದನ್ನೇ ಎಂದು ವೈದ್ಯರಿಂದ ಶಭಾಷ್‌ಗಿರಿ ಪಡೆದ ಮನುಷ್ಯ, ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣದಿಂದಲೇ ಅಡುಗೆಮನೆ ಗೋಡೆಯ ಮೇಲೆ ನನ್ನ ಕರುಳಿನ ನಕ್ಷೆ ಬರೆದು ಬೈಪಾಸೇ ಸರಿ ಎಂದು ತೀರ್ಪು ಕೊಟ್ಟರು. ನಮ್ಮಕ್ಕ ಫೋನಿನಲ್ಲಿ "ಎಲ್ಲರೂ ಸ್ಲೀವೇ ಮಾಡಿಸ್ಕೊಳ್ಳೋದು ಕಣೇ, ನಿಂದೇನು ಹೊಸ ಹೊಟ್ಟೇನಾ?" ಎಂದು ಗದರಿದಳು. ಒಂದು ಪರದೆಗೆ ಬಣ್ಣ ಆರಿಸುವಾಗಲೂ ನನ್ನ ಮನೆಯಲ್ಲಿ ಇಷ್ಟು ಉತ್ಸಾಹ ಕಂಡಿರಲಿಲ್ಲ.

ನನ್ನ ಮನಸ್ಸು ಮಾತ್ರ ಬ್ಯಾಂಡಿನ ಮೇಲೆ ಕೂತುಬಿಟ್ಟಿತ್ತು. ನನಗೆ ಹೊಲಿಗೆ ಕಲಿಸಿದ ಅತ್ತೆ, "ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡದೆ ಹೊಲೀಬೇಡ, ನಾಳೆ ಬಿಚ್ಚೋದಕ್ಕೆ ಇರಬೇಕು" ಎಂದು ಹೇಳಿ ಹೇಳಿಯೇ ನನ್ನನ್ನು ಬೆಳೆಸಿದವರು. ಬಿಚ್ಚಲಾಗದ ಹೊಲಿಗೆಯನ್ನು ನಾನು ಇವತ್ತಿನವರೆಗೂ ಹಾಕಿದವಳಲ್ಲ. ಬ್ಯಾಂಡಿನಲ್ಲಿ ತೂಕ ಇಳಿಯುವುದು ಕಡಿಮೆ, ಎಷ್ಟೋ ಜನ ತೆಗೆಸಲು ವಾಪಸು ಬರುತ್ತಾರೆ, ನಾವೇ ಈಗ ಅದನ್ನು ಹಾಕುವುದು ಅಪರೂಪ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ನನ್ನ ಹುಳಿತೇಗು ಎದೆಯುರಿಗೆ ಸ್ಲೀವು ಅಷ್ಟಾಗಿ ಹೊಂದುವುದಿಲ್ಲ, ಸಕ್ಕರೆ ಕಾಯಿಲೆಯೂ ಇರುವುದರಿಂದ ಬೈಪಾಸು ವಾಸಿ, ಆದರೆ ಬದುಕಿರುವವರೆಗೆ ವಿಟಮಿನ್ ಮಾತ್ರೆ ತಪ್ಪಿಸುವಂತಿಲ್ಲ, ಸಿಹಿ ಮುಟ್ಟಿದರೆ ಬೆವರಿ ತಲೆ ಸುತ್ತೀತು, ನಿರ್ಧಾರ ನಿಮ್ಮದು ಎಂದೂ ಹೇಳಿದ್ದರು. ನಾನು ಎಲ್ಲವನ್ನೂ ತಲೆಯಾಡಿಸಿ ಕೇಳಿ, ತೆಗೆಯಲೂಬಹುದು ಎಂಬ ಒಂದು ಮಾತನ್ನು ಮಾತ್ರ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದೆ.

ಹೀಗೆ ಮೂರು ದಾರಿ ಕೂಡುವಲ್ಲಿ ನಿಂತು ಕಂಗೆಟ್ಟಾಗ ನನಗೆ ಹೊಳೆದ ಕೆಲವು ಸಣ್ಣ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ, ದಯವಿಟ್ಟು ಪರಿಶೀಲಿಸುವುದು. ತಾವು ನಾಲ್ಕು ದಿನ ನನ್ನೊಳಗೆ ಬಂದು ವಾಸವಾಗಿದ್ದು, ಮೂರು ವಿಧಾನಗಳನ್ನೂ ದಿನಕ್ಕೊಂದರಂತೆ ಫಿಟಿಂಗ್ ನೋಡಿಕೊಟ್ಟರೆ, ಒಪ್ಪಿಗೆಯಾದದ್ದನ್ನು ಕೊನೆಯ ದಿನ ಗಟ್ಟಿ ಹೊಲಿಸಿಕೊಳ್ಳಬಹುದಿತ್ತು. ಒಂದು ಪ್ಯಾಂಟಿಗೆ ಸಿಗುವ ಸೌಲಭ್ಯ ಒಂದು ಹೊಟ್ಟೆಗೆ ಸಿಗಬಾರದೇ? ಅದು ಆಗದಿದ್ದರೆ, ಮದುವೆ ಊಟಗಳಿಗೆ ನನ್ನ ಪರವಾಗಿ ತಾವೇ ಹೋಗಿಬರಬಹುದು. ಅದೂ ಕಷ್ಟವೆಂದರೆ, ಕನಿಷ್ಠ ತಮ್ಮ ಗುಲಾಬಿ ಬಣ್ಣವನ್ನಾದರೂ ಬದಲಾಯಿಸಿಕೊಳ್ಳಿ. ತಮ್ಮನ್ನು ನೋಡುತ್ತಿದ್ದಷ್ಟು ಹೊತ್ತೂ ನನಗೆ ಕ್ರೀಮು ಮೆತ್ತಿದ ಕೇಕಿನ ನೆನಪಾಗಿ, ಆಸ್ಪತ್ರೆಯ ಮೆಟ್ಟಿಲಿಳಿದದ್ದೇ ಎದುರಿನ ಬೇಕರಿಗೆ ಹೋಗಬೇಕಾಯಿತು.

ಈ ಗೊಂದಲಕ್ಕೆ ತೆರೆ ಎಳೆದದ್ದು ನನ್ನ ಮಗಳು. ದಿಂಬಿನ ಗವಸು ಮಾಡಲೆಂದು ನನ್ನ ಹಳೆಯ ನೀಲಿ ಗೌನನ್ನು ಬಿಚ್ಚುತ್ತಿದ್ದವಳು, ಪಕ್ಕದ ಹೊಲಿಗೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದಳು. ಬಟ್ಟೆಯ ಮೇಲೆ ಒಂದರ ಪಕ್ಕ ಒಂದು, ಸೂಜಿ ಚುಚ್ಚಿ ಬಿಟ್ಟ ಸಾಲುಗಳ ಗುರುತು, ಅಂಚಿನವರೆಗೂ. ಬಿಗಿ ಎನಿಸಿದಾಗಲೆಲ್ಲ ನಾನು ಬಿಡುವು ನೋಡಿ ಒಂದು ನೂಲಿನಷ್ಟು ಬಿಚ್ಚಿ ಹೊಲಿದುಕೊಳ್ಳುತ್ತಾ ಬಂದಿದ್ದೆ. ಅದು ನನಗೆ ಉಗುರು ಕತ್ತರಿಸಿಕೊಂಡಷ್ಟೇ ಸಹಜ. ಊರಿನವರಿಗೆಲ್ಲ ಅವರ ಬಟ್ಟೆಯೇ ಎಚ್ಚರಿಕೆ ಕೊಡುತ್ತದೆ, ಆದರೆ ನನ್ನ ಬಟ್ಟೆಗಳು ಯಾವತ್ತೂ ನನ್ನನ್ನು ಬಿಗಿಯಾಗಿ ಹಿಡಿದದ್ದೇ ಇಲ್ಲ, ಆದ್ದರಿಂದ ದಪ್ಪಗಾಗಿದ್ದೇನೆಂಬ ಸುದ್ದಿ ನನಗೆ ಮೊದಲು ತಿಳಿದದ್ದು ಮಂಡಿಯಿಂದ, ಆಮೇಲೆ ವೈದ್ಯರಿಂದ.

"ಅಮ್ಮಾ, ನಿಂಗೆ ಬಿಚ್ಚೋಕಾಗೋ ಅಂಥದ್ದು ಏನೇ ಹಾಕಿದ್ರೂ ನೀನು ಬಿಚ್ಚಿಸ್ಕೋತೀಯ" ಎಂದಳು. ನಾನು ನಗಲು ನೋಡಿದೆ. ಅವಳು ನಗಲಿಲ್ಲ. "ಮಧ್ಯಾಹ್ನ ಊಟ ಆಗಿ ಅಂಗಡೀಲಿ ಮಲಗ್ತೀಯಲ್ಲ, ಆಗ ನಿನ್ನ ಉಸಿರು ನಿಂತುನಿಂತು ಬರುತ್ತೆ. ನಾನು ಮಿಷನ್ ನಿಲ್ಲಿಸ್ಬಿಟ್ಟು ಕೇಳ್ತಾ ಕೂತಿರ್ತೀನಿ" ಎಂದಳು. ಕೆಲಸ ಯಾಕೆ ಮುಗಿದಿಲ್ಲ ಎಂದು ನಾನು ಎದ್ದ ಮೇಲೆ ಅವಳನ್ನೇ ಬೈಯುತ್ತಿದ್ದೆ, ಮಾನ್ಯರೇ. ಆಗ ನನಗೆ ಆದ ಭಯ ಕತ್ತರಿಯದ್ದಲ್ಲ. ನಿಂತ ಮಿಷನ್ನಿನ ಮುಂದೆ ಒಂಟಿಯಾಗಿ ಕಿವಿಗೊಟ್ಟು ಕೂತ ಆ ಹುಡುಗಿಯನ್ನು ನೆನೆದು ಹುಟ್ಟಿದ ಭಯ.

ಆದ್ದರಿಂದ ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ನಾನು ಬೈಪಾಸಿಗೆ ಒಪ್ಪಿದ್ದೇನೆ. ಮನೆಯವರು ಅಡುಗೆಮನೆ ಗೋಡೆಯ ನಕ್ಷೆಯೇ ಗೆದ್ದಿತೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ, ಹೇಳಿಕೊಳ್ಳಲಿ. ಮುಂದಿನ ವಾರ ದಾಖಲಾಗುತ್ತೇನೆ. ನನಗೆ ಹೆದರಿಕೆ ಹೋಗಿಲ್ಲ. ತಮ್ಮ ಹಾಗೆ ಟಕ್ ಎಂದು ಎದ್ದು ನಿಲ್ಲುವವಳೂ ನಾನಲ್ಲ. ನನ್ನ ನಂತರ ಆ ಬೆಂಚಿನ ಮೇಲೆ ಕೂರುವವರ ಮುಂದೆ ತಾವು ಒಮ್ಮೆಯಾದರೂ ಕೂಡಿಕೊಳ್ಳುವಾಗ ಸ್ವಲ್ಪ ನರಳಿದಂತೆ ನಟಿಸಬೇಕೆಂದು, ಅದಾಗದಿದ್ದರೆ ಕೊನೆಯ ಪಕ್ಷ ಒಂದು ತುಂಡನ್ನು ಕಳೆದುಕೊಳ್ಳಬೇಕೆಂದು, ಎರಡೂ ಕೈ ಮುಗಿದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಇನ್ನು ಮುಂದೆ ತನ್ನ ಬಟ್ಟೆಯನ್ನು ಒಳಕ್ಕೆ ಮಾತ್ರ ಹಿಡಿದು ಹೊಲಿಯಲಿರುವ,
ಓಣಿಯ ಹೊಲಿಗೆಯವಳು

ಮರೆತ ಮಾತು: ತಮ್ಮ ವೈದ್ಯರ ಕೋಟನ್ನು ಈ ಪತ್ರದ ಜೊತೆಗೇ ಮಗಳ ಕೈಲಿ ಕಳಿಸಿದ್ದೇನೆ. ಗುಂಡಿ ಹಾಕಲು ಕೂತಾಗ ನೋಡಿದರೆ ಅದರ ಪಕ್ಕಗಳು ಬಿರಿಯುವಷ್ಟು ಬಿಗಿಯಾಗಿದ್ದವು, ಒಳಗೆ ಬೇಕಾದಷ್ಟು ಬಟ್ಟೆಯೂ ಇತ್ತು, ಅಭ್ಯಾಸಬಲದಿಂದ ನನ್ನ ಕೈ ಬಿಚ್ಚುವ ಕತ್ತರಿಗೆ ಹೋಗಿಯೇ ಬಿಟ್ಟಿತ್ತು. ಆದರೆ ನನ್ನ ಹೊಟ್ಟೆಯನ್ನು ಅವರ ಕೈಗೆ ಕೊಡುವವಳು ನಾನು, ಅವರು ಬಹಳ ಕಾಲ ಚೆನ್ನಾಗಿರಬೇಕು. ಪಕ್ಕಗಳನ್ನು ಮುಟ್ಟಲಿಲ್ಲ, ಗುಂಡಿಯನ್ನು ಮಾತ್ರ ದಪ್ಪ ದಾರದಲ್ಲಿ ಗಟ್ಟಿಯಾಗಿ ಹಾಕಿದ್ದೇನೆ. ಇನ್ನು ಮೇಲೆ ಅವರು ನಗುವಾಗ ಅದು ಹಾರುವುದಿಲ್ಲ, ಹೊಟ್ಟೆಯನ್ನು ಬಿಗಿ ಹಿಡಿಯುತ್ತದೆ.