ಒಂಬತ್ತು ವರ್ಷದ ಇಕ್ಕಳ

ತಪ್ಪೆಲ್ಲ ಆ ಪೋಸ್ಟರಿನಲ್ಲಿದ್ದ ಕೆಂಪು ಹೂವಿನದು. ಹೂವು, ಸುತ್ತ ಹಿಮ, ಉದ್ದ ಕೋಟು ತೊಟ್ಟ ಒಬ್ಬ ಚೆಲುವೆ. ಇಷ್ಟು ನೋಡಿದ ಯಾರೇ ಆಗಲಿ ಪ್ರೇಮಕತೆ ಅಂದುಕೊಳ್ಳುತ್ತಾರೆ. ದೇಗು ಊರಿನ ಕೊಡೆ ಕಂಪನಿಯ ಗುಮಾಸ್ತ ಗಿಲ್‌ಹೋ ಕೂಡ ಹಾಗೇ ಅಂದುಕೊಂಡು, ತನ್ನ ವಿಭಾಗದ ಆರೂ ಜನರಿಗೆ ಶುಕ್ರವಾರ ಸಂಜೆಯ ಟಿಕೆಟ್ ತೆಗೆಸಿಬಿಟ್ಟ.

ತಿಂಗಳಿಗೊಮ್ಮೆ ವಿಭಾಗದವರೆಲ್ಲ ಒಟ್ಟಿಗೆ ಕೂತು ಉಂಡು ಕುಡಿಯುವುದು ಕಚೇರಿ ಕೆಲಸದಷ್ಟೇ ಕಡ್ಡಾಯ. ಈ ಸಲ ಊಟಕ್ಕೆ ಮುಂಚೆ ಸಿನಿಮಾ ಇರಲಿ ಎಂದವರು ಮುಖ್ಯಸ್ಥರಾದ ಪ್ಯೋ ಸಾಹೇಬರು. ಗಿಲ್‌ಹೋಗೆ ಆ ಊಟವೆಂದರೆ ಜ್ವರ ಬಂದಂತೆ. ಮೇಜಿನ ನಡುವಿನ ಕೆಂಡದ ಮೇಲೆ ಹಂದಿಮಾಂಸವನ್ನು ಇಕ್ಕಳದಲ್ಲಿ ತಿರುವಿ ಸುಟ್ಟು, ಕತ್ತರಿಯಿಂದ ತುಂಡು ಮಾಡಿ ಹಿರಿಯರ ತಟ್ಟೆಗೆ ಹಾಕುವುದು ಕಿರಿಯನ ಪಾಲಿನ ಕೆಲಸ. ಒಂಬತ್ತು ವರ್ಷದಿಂದ ವಿಭಾಗಕ್ಕೆ ಹೊಸಬರೇ ಬಂದಿರಲಿಲ್ಲವಾಗಿ ಮೂವತ್ತೆಂಟು ತುಂಬಿದ ಗಿಲ್‌ಹೋ ಇನ್ನೂ ಕಿರಿಯನೇ. ಎಲ್ಲರಿಗೂ ಬಡಿಸಿ ಅವನು ಬಾಯಿಗಿಡುವ ಹೊತ್ತಿಗೆ ಉಳಿಯುತ್ತಿದ್ದದ್ದು ಎರಡು ಕರಿಕಲು ಚೂರು, ನಾಲ್ಕು ಬೆಳ್ಳುಳ್ಳಿ. ಸೋಮವಾರ ಬಡ್ತಿಯ ಪಟ್ಟಿ ಬರುವುದಿತ್ತು. ಬಡ್ತಿಯಾದರೆ ಅವನ ಜಾಗಕ್ಕೆ ಹೊಸಬರು ಬರುತ್ತಾರೆ, ಇಕ್ಕಳ ಅವರ ಕೈ ಸೇರುತ್ತದೆ. ಹೆಚ್ಚಿನ ಸಂಬಳಕ್ಕಿಂತ ಅವನು ಬಾಯಿಬಿಟ್ಟು ಕಾಯುತ್ತಿದ್ದದ್ದು ಇದಕ್ಕೇ.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಅವನ ಬೆನ್ನು ಬೆವೆತಿತು. ಕತೆಯ ನಾಯಕಿ ಒಬ್ಬ ಗುಮಾಸ್ತೆ. ವರ್ಷಗಟ್ಟಲೆ ಸಾಹೇಬನಿಗೆ ಮಾಂಸ ಸುಟ್ಟು ಹಾಕಿದವಳು. ಆ ಸಾಹೇಬ ತನ್ನ ಕಳ್ಳತನವನ್ನು ಅವಳ ತಲೆಗೆ ಕಟ್ಟಿ ಜೈಲಿಗೆ ಕಳಿಸುತ್ತಾನೆ. ಅವಳು ಕೆಂಪು ಕೋಟು ತೊಟ್ಟು ಹೊರಗೆ ಬರುತ್ತಾಳೆ, ಕೈಯಲ್ಲಿ ಅದೇ ಮಾಂಸದ ಕತ್ತರಿ. ಹಿನ್ನೆಲೆಯಲ್ಲಿ ಪಿಟೀಲು. ಕೊಲ್ಲುತ್ತಿದ್ದಾಳೋ ಹೂ ಕೊಯ್ಯುತ್ತಿದ್ದಾಳೋ ತಿಳಿಯದಷ್ಟು ಸೊಗಸಾಗಿ ತೆಗೆದಿದ್ದರು. ಸಾಲದ್ದಕ್ಕೆ, ತೆರೆಯ ಮೇಲಿನ ಸಾಹೇಬನಿಗೆ ಥೇಟು ಪ್ಯೋ ಸಾಹೇಬರದೇ ಬೋಳುತಲೆ, ಅವರದೇ ಕೆಮ್ಮು.

ಕೊನೆಗೆ ಅವಳು ಸಾಹೇಬನ ಟೈಯನ್ನು ಕಚಕ್ಕನೆ ಕತ್ತರಿಸಿದಳು. ತೆರೆ ತುಂಬ ಹಿಮ ಸುರಿಯಿತು. ಚಿತ್ರಮಂದಿರ ತುಂಬ ಕಚೇರಿ ಬಿಟ್ಟು ಬಂದ ಗುಮಾಸ್ತರೇ ಇದ್ದರು. ಎದ್ದು ನಿಂತು ಚಪ್ಪಾಳೆ ಹೊಡೆದರು. ಲೆಕ್ಕ ನೋಡುವ ಯೊನ್‌ಸುಕ್ ಅಕ್ಕ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ದನಿ ಏರಿಸದಾಕೆ, ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಗಿಲ್‌ಹೋನ ಪಕ್ಕದ ಕುರ್ಚಿಯಲ್ಲಿ ಪ್ಯೋ ಸಾಹೇಬರು ಮಾತ್ರ ಕಲ್ಲಾಗಿದ್ದರು. ಮೆಲ್ಲುತ್ತಿದ್ದ ಒಣ ಸ್ಕ್ವಿಡ್ ಮೀನಿನ ಅರ್ಧ ಬಾಯೊಳಗೆ, ಅರ್ಧ ಹೊರಗೆ.

ಮೆಟ್ಟಿಲು ಇಳಿಯುವಾಗ ಎಲ್ಲರೂ ಗಿಲ್‌ಹೋನ ಕಿವಿ ಕಚ್ಚಿದರು. ಈಗಲೇ ಮಂಡಿಯೂರಿ ಕ್ಷಮೆ ಕೇಳು ಎಂದ ಒಬ್ಬ. ಕೇಳಿದರೆ ಬೇಕೆಂದೇ ಮಾಡಿದ್ದು ಅಂತ ಒಪ್ಪಿಕೊಂಡಂತೆ ಎಂದ ಇನ್ನೊಬ್ಬ.

"ಒಂಬತ್ತು ವರ್ಷ ಹೊಟ್ಟೇಲಿಟ್ಕೊಂಡಿದ್ದನ್ನ ಒಂದೇ ಟಿಕೆಟ್ಟಲ್ಲಿ ಹೇಳ್ಬಿಟ್ಟೆ ಕಣೋ" ಎಂದಳು ಯೊನ್‌ಸುಕ್ ಅಕ್ಕ.

"ಅಕ್ಕಾ, ಪೋಸ್ಟರಲ್ಲಿ ಹೂವಿತ್ತು."

"ಅದನ್ನೇ ಹೋಗಿ ಸಾಹೇಬ್ರಿಗೆ ಹೇಳು, ನಂಬ್ತಾರೆ."

ಹೋಟೆಲಿನಲ್ಲಿ ನೆಲದ ದಿಂಬುಗಳ ಮೇಲೆ ಕೂರುವಷ್ಟರಲ್ಲಿ ಗಂಡಸರೆಲ್ಲರ ಟೈಗಳೂ ಸದ್ದಿಲ್ಲದೆ ಜೇಬು ಸೇರಿದ್ದವು. ಹೋಟೆಲಿನ ಒಡತಿ, ಗಿರಾಕಿಗಳೆಲ್ಲ ಚಿಕ್ಕಮ್ಮ ಅನ್ನುವಾಕೆ, ಆಗಷ್ಟೇ ಸಾಣೆ ಹಿಡಿಸಿದ ಕತ್ತರಿ ತಂದಿಟ್ಟಳು. ಗಿಲ್‌ಹೋ ಅದನ್ನು ಮೆಲ್ಲಗೆ ಜಾರಿಸಿ ಕೂತ ದಿಂಬಿನಡಿ ಮುಚ್ಚಿದ. ಮಾಂಸವನ್ನು ಚಾಪ್‌ಸ್ಟಿಕ್ಕಿನಲ್ಲೇ ಹರಿಯಲು ಹೋದ. ಅದು ಒದ್ದೆ ಕಾಲುಚೀಲದಂತೆ ಪಟಪಟ ಬಡಿಯಿತೇ ವಿನಾ ಹರಿಯಲಿಲ್ಲ.

"ಕತ್ತರಿ ಕೊಟ್ಟಿದ್ನಲ್ಲಪ್ಪ, ಎಲ್ಲಿ ಹೋಯ್ತು?" ಚಿಕ್ಕಮ್ಮ ಅಲ್ಲಿಂದಲೇ ಕೂಗಿದಳು.

ಗಾಬರಿಯಲ್ಲಿ ಗಿಲ್‌ಹೋ ಕತ್ತರಿ ಎಳೆದು ಧಡಕ್ಕನೆ ಎದ್ದು ನಿಂತ. ಪ್ಯೋ ಸಾಹೇಬರು ಗೋಡೆಗೆ ಒರಗುವವರೆಗೂ ಹಿಂದೆ ಸರಿದರು. ಲೋಟದಲ್ಲಿದ್ದ ಸೋಜು ಮದ್ಯ ಪ್ಯಾಂಟಿನ ಮೇಲೆ ಚೆಲ್ಲಿತು.

"ಗಿಲ್‌ಹೋ, ಕೂತ್ಕೊಳಪ್ಪಾ" ಎಂದರು. ಅಷ್ಟು ಮೆತ್ತಗಿನ ದನಿ ಅವರಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. "ಆ ಕತ್ತರಿ… ಹಿಡಿಕೆ ನನ್ನ ಕಡೆ ಮಾಡಿ ಕೊಡು."

ಅಂದು ಸಾಹೇಬರೇ ಮಾಂಸ ಸುಟ್ಟರು. ಒಂದು ಮಗ್ಗುಲು ಹಸಿ, ಇನ್ನೊಂದು ಇದ್ದಿಲು. ಮೊದಲ ತುಂಡು ಗಿಲ್‌ಹೋನ ತಟ್ಟೆಗೆ ಬಿತ್ತು. ಒಂಬತ್ತು ವರ್ಷದಲ್ಲಿ ಬಿಸಿಯಾಗಿ ತಿಂದ ಮೊದಲ ತುತ್ತು. ಅವನ ಕಣ್ಣಲ್ಲಿ ನೀರೇ ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಆಮೇಲೆ ಸಾಹೇಬರು ಲೋಟ ಎತ್ತಿದರು. ಸೋಮವಾರದ ತನಕ ಯಾಕೆ ಕಾಯಬೇಕು, ಬಡ್ತಿಯ ಪಟ್ಟಿಯಲ್ಲಿ ಗಿಲ್‌ಹೋನ ಹೆಸರಿದೆ, ಇನ್ನು ಅವನು ಮೇಲ್ವಿಚಾರಕ, ಹೊಸಬಳೊಬ್ಬಳು ಸೋಮವಾರವೇ ಸೇರುತ್ತಾಳೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿಲ್‌ಹೋ ಇಕ್ಕಳದ ಕಡೆ ತಿರುಗಿ, ರೈಲು ಹತ್ತಿದವನು ದೂರದ ನೆಂಟನನ್ನು ನೋಡುವಂತೆ ನೋಡಿದ.

"ಇನ್ನೊಂದು ಮಾತು" ಎಂದು ಸಾಹೇಬರು ಬೋಳುತಲೆಯ ಬೆವರು ಒರೆಸಿಕೊಂಡರು. "ಇವತ್ತು ಸಿನಿಮಾ ನೋಡಿ ನಂಗೆ ಬುದ್ಧಿ ಬಂತು. ಕಿರಿಯರ ಕೈಗೆ ಕತ್ತರಿ ಕೊಡೋದೇ ತಪ್ಪು. ಇನ್ಮೇಲೆ ನಮ್ಮಲ್ಲಿ ಕಿರಿಯರು ಮಾಂಸ ಸುಡೋ ಹಾಗಿಲ್ಲ. ಯಾರಿಗೆ ಕೊನೇಲಿ ಬಡ್ತಿ ಆಗಿರುತ್ತೋ ಅವ್ರೇ ಸುಡ್ಬೇಕು. ಈಗಷ್ಟೇ ಬಡ್ತಿ ಸಿಕ್ಕಿದ ಮನುಷ್ಯನಿಗೆ ದ್ವೇಷ ಎಲ್ಲಿಂದ ಬರುತ್ತೆ, ಹೇಳಿ?"

ಎದ್ದು ಬಂದು, ಎರಡೂ ಕೈಯಲ್ಲಿ ಹಿಡಿದು, ಪದಕ ಕೊಡುವವರ ಹಾಗೆ ಇಕ್ಕಳವನ್ನೂ ಕತ್ತರಿಯನ್ನೂ ಗಿಲ್‌ಹೋನ ಕೈಗಿಟ್ಟರು. ಹಿಡಿಕೆ ಅವನ ಕಡೆಗೇ ಇತ್ತು.

ಯೊನ್‌ಸುಕ್ ಅಕ್ಕ ತಟ್ಟೆ ಮುಂದೆ ಚಾಚಿದಳು.

"ಮೇಲ್ವಿಚಾರಕರೇ, ನಂದು ಸ್ವಲ್ಪ ಗರಿಗರಿಯಾಗಿರ್ಲಿ."